ಗಾಡಿ ಕೂರಬಾರದು ಎಂಬ ಹಟ

ಎರಡು ಪ್ಲೇಟು ಹೆಚ್ಚಿಗೆ, ಒಂದು ಕಬ್ಬಿಣದ ತುಂಡು, ಉದ್ದನೆಯ ಯು ಕ್ಲಾಂಪು. ಅರ್ಧ ದಿನದ ಕೆಲಸಕ್ಕೆ ಪಿಕಪ್ಪು ನಾಲ್ಕು ಬೆರಳು ಮೇಲೇಳುತ್ತದೆ. ಅದರ ಹೊರುವ ಶಕ್ತಿ ಮಾತ್ರ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಹೆಚ್ಚುವುದೆಲ್ಲ ಅಪಾಯವೇ!

ಜುಲೈ ತಿಂಗಳ ನಸುಕಿನಲ್ಲಿ ಕೋಲಾರದ ಎಪಿಎಂಸಿ ದಾರಿಯಲ್ಲಿ ನಿಂತರೆ ಮೊದಲು ಕಾಣುವುದು ಹೆಡ್‌ಲೈಟುಗಳ ಸಾಲು. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಚಿಂತಾಮಣಿ ಕಡೆಯಿಂದ ಪಿಕಪ್ಪುಗಳು ಒಂದರ ಹಿಂದೊಂದು ಬರುತ್ತವೆ. ಹಿಂದೆ ಟೊಮೆಟೊ ಕ್ರೇಟುಗಳ ಗೋಡೆ, ಅದರ ಮೇಲೆ ಬಿಗಿದ ಹಗ್ಗ, ಹಗ್ಗದ ಮೇಲೆ ಒಬ್ಬ ಹುಡುಗ. ಹರಾಜು ಶುರುವಾಗುವ ಮೊದಲು ಮಂಡಿ ಮುಂದೆ ಗಾಡಿ ಹಚ್ಚಬೇಕು. ಯಾರಿಗೂ ಪುರುಸೊತ್ತಿಲ್ಲ.

ಇಲ್ಲಿ ಒಂದು ಬಾಕ್ಸ್ ಎಂದರೆ 15 ಕೆ.ಜಿ. ಒಂದೂವರೆ ಟನ್ ಹೊರಲೆಂದು ಮಾಡಿದ ಗಾಡಿಗೆ ನೂರು ಬಾಕ್ಸ್ ಏರಿಸಿದರೆ ಲೆಕ್ಕ ಮುಗಿಯಿತು. ಕ್ರೇಟಿನ ತೂಕ ಬೇರೆ. ನೂರೆಂಬತ್ತು ಏರಿಸಿದರೆ ಹಣ್ಣಿನ ತೂಕವೇ 2,700 ಕೆ.ಜಿ. ಅಷ್ಟು ಹೊತ್ತ ಗಾಡಿ ಹಿಂದೆ ಕುಸಿದು, ಮೂತಿ ಆಕಾಶಕ್ಕೆ ಮಾಡಿಕೊಂಡು ತೆವಳಬೇಕು.

ಆದರೆ ಸಾಲಿನಲ್ಲಿ ಕೆಲವು ಗಾಡಿಗಳು ಕೂತೇ ಇಲ್ಲ. ಸೊಟ್ಟಗಿಲ್ಲ, ಬಗ್ಗಿಲ್ಲ, ಖಾಲಿ ಇದ್ದಾಗ ನಿಲ್ಲುವ ಹಾಗೆಯೇ ನೆಟ್ಟಗೆ ನಿಂತಿವೆ. ಬಗ್ಗಿ ಹಿಂದಿನ ಚಕ್ರದ ಒಳಗೆ ಟಾರ್ಚ್ ಹಾಕಿದರೆ ಕಾರಣ ತಿಳಿಯುತ್ತದೆ. ಕಂಪನಿ ಕೊಟ್ಟ ಸ್ಪ್ರಿಂಗ್ ಪ್ಲೇಟುಗಳ ಕಟ್ಟಿನ ಕೆಳಗೆ ಬೇರೆ ಬಣ್ಣದ, ಬೇರೆ ದಪ್ಪದ ಇನ್ನೆರಡು ಪ್ಲೇಟು. ಕೆಲವಕ್ಕೆ ಹಿಂದಿನ ಆ್ಯಕ್ಸಲ್ ಇರುವ ಹೌಸಿಂಗಿಗೂ ಪ್ಲೇಟಿಗೂ ನಡುವೆ ಒಂದು ಚೌಕದ ಕಬ್ಬಿಣದ ತುಂಡು.

‘ಅಣ್ಣ, ಲೋಡ್ ಹಾಕಿದ್ರೆ ಗಾಡಿ ಕೂತ್ಕೊಂಡ್‌ಬಿಡ್ತದೆ, ಎರಡು ಪ್ಲೇಟು ಸೇರಿಸಿ.’ ಸ್ಪ್ರಿಂಗ್ ವರ್ಕ್ಸ್‌ಗಳಿಗೆ ದಿನಾ ಬರುವ ಬೇಡಿಕೆ ಇದು. ಇದರಲ್ಲಿ ಕಳ್ಳತನವೇನೂ ಕಾಣುವುದಿಲ್ಲ. ಸೀಸನ್ ಇರುವುದು ನಾಲ್ಕು ತಿಂಗಳು, ಬಾಡಿಗೆ ಬರುವುದು ಬಾಕ್ಸಿನ ಲೆಕ್ಕದಲ್ಲಿ, ಗಾಡಿಯ ಕಂತು ಬರುವುದು ತಿಂಗಳ ಲೆಕ್ಕದಲ್ಲಿ. ಒಂದೇ ಟ್ರಿಪ್ಪಿಗೆ ಎರಡು ಟ್ರಿಪ್ಪಿನ ಮಾಲು ಬಂದರೆ ಡೀಸೆಲ್ ಉಳಿಯಿತು. ಚಾಲಕನನ್ನು ದಡ್ಡ ಎನ್ನುವವರು ಒಂದು ಸೀಸನ್ ಅವನ ಪಕ್ಕ ಕೂತು ನೋಡಲಿ.

ರಸ್ತೆಯದ್ದೂ ಪಾಲಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪುಗಳು ಆ ಪುಸ್ತಕ ಓದಿದವಲ್ಲ. ಹೊಟ್ಟೆ ಉಜ್ಜಿಸಿಕೊಂಡು ಸಾಕಾದವನು ಗಾಡಿ ಎತ್ತರಿಸಲು ಹೊರಡುತ್ತಾನೆ.

ಕುಲುಮೆಯ ಮುಂದೆ

ಕೆಲಸ ನೋಡಲು ಚೆಂದ. ಚಾಸಿಗೆ ಜಾಕಿ ಕೊಟ್ಟು ಹಿಂಭಾಗ ಎತ್ತುತ್ತಾರೆ. ತುಕ್ಕು ಹಿಡಿದ ಯು ಕ್ಲಾಂಪಿನ ನಟ್ಟಿಗೆ ಡೀಸೆಲ್ ಸುರಿದು, ಸ್ಪ್ಯಾನರಿಗೆ ಉದ್ದದ ಪೈಪ್ ತೊಡಿಸಿ, ಮೈಭಾರ ಬಿಟ್ಟು ತಿರುಗಿಸುತ್ತಾರೆ. ನಟ್ಟು ಕಿರುಗುಟ್ಟಿ ಸಡಿಲವಾಗುತ್ತದೆ. ಕಟ್ಟು ಬಿಚ್ಚಿ ನೆಲದ ಮೇಲೆ ಹರಡಿದರೆ ಎಲ್ಲಕ್ಕಿಂತ ಉದ್ದದ ಮೇನ್ ಪ್ಲೇಟು, ಅದರ ಕೆಳಗೆ ಒಂದಕ್ಕಿಂತ ಒಂದು ಗಿಡ್ಡ.

ಆಮೇಲೆ ಮೂಲೆಯ ಗುಜರಿ ರಾಶಿಯಿಂದ ಯಾವುದೋ ಹಳೆ ಗಾಡಿಯ ಪ್ಲೇಟೊಂದು ಹೊರಬರುತ್ತದೆ. ಗ್ಯಾಸಿನಲ್ಲಿ ಕತ್ತರಿಸಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಬಡಿದು ಬಾಗು ಕೊಡುತ್ತಾರೆ. ಸೆಂಟರ್ ಬೋಲ್ಟಿಗೆ ತೂತು ಬೇಕಲ್ಲ, ಅದನ್ನೂ ಗ್ಯಾಸಿನಲ್ಲೇ ಸುಡುವುದುಂಟು. ಬಾಗು ಸರಿಯಾಯಿತೆಂದು ಹೇಳುವುದು ಮೇಸ್ತ್ರಿಯ ಕಣ್ಣು. ಆ ಕಣ್ಣಿನ ಮೇಲೆ ನನಗೆ ಗೌರವವಿದೆ. ಬಾಗಿನ ವಿಷಯದಲ್ಲಿ ಅದು ಅಷ್ಟಾಗಿ ತಪ್ಪುವುದಿಲ್ಲ. ಕಣ್ಣಿಗೆ ಕಾಣದ್ದು ಉಕ್ಕಿನ ಹದ.

ಪ್ಲೇಟಿನ ಉಕ್ಕು ಸಾಮಾನ್ಯ ಕಬ್ಬಿಣವಲ್ಲ. ಕಾರ್ಖಾನೆಯಲ್ಲಿ ಅದನ್ನು 800 ಡಿಗ್ರಿ ದಾಟಿಸಿ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಮತ್ತೆ 400-500 ಡಿಗ್ರಿಯಲ್ಲಿ ಹೊತ್ತು ಹಿಡಿದು ಹದ ಮಾಡಿದ ಮೇಲೆಯೇ ಲಕ್ಷಾಂತರ ಸಲ ಬಗ್ಗಿ ಏಳುವ ಗುಣ ಬರುವುದು. ಕುಲುಮೆಯಲ್ಲಿ ಮತ್ತೆ ಕೆಂಪಗಾದ ಪ್ಲೇಟು ಈ ಗುಣವನ್ನು ಕಳೆದುಕೊಳ್ಳುತ್ತದೆ. ತಾನಾಗಿ ತಣಿದರೆ ಮೆತ್ತಗಾಗಿ ನಾಲ್ಕು ದಿನಕ್ಕೆ ಚಪ್ಪಟೆ. ನೀರಿಗೆ ಅದ್ದಿದರೆ ಪೆಡಸಾಗಿ, ಯಾವುದೋ ಗುಂಡಿಯಲ್ಲಿ ಲಟಕ್. ಗ್ಯಾಸಿನಲ್ಲಿ ಸುಟ್ಟ ತೂತಿನ ಅಂಚಿನಲ್ಲಿ ಮೊದಲ ಬಿರುಕು ಹುಟ್ಟುತ್ತದೆ. ಪ್ಲೇಟಿಗೆ ವೆಲ್ಡಿಂಗ್ ಮಾಡಿದರಂತೂ ಬಿರುಕಿಗೆ ಜಾಗ ನಾವೇ ಗೊತ್ತುಮಾಡಿ ಕೊಟ್ಟ ಹಾಗೆ.

ಸೆಂಟರ್ ಬೋಲ್ಟಿನ ಬಗ್ಗೆ ಒಂದು ಮಾತು. ಇಡೀ ಕಟ್ಟನ್ನು ಹಿಡಿದಿರುವುದು ಅದೇ ಎಂದು ಬಹಳ ಜನ ತಿಳಿದಿದ್ದಾರೆ. ಅದರ ಕೆಲಸ ಪ್ಲೇಟುಗಳು ಜಾಗ ಬದಲಿಸದಂತೆ ಕೂರಿಸುವುದು, ಅಷ್ಟೇ. ಹಿಡಿತವೆಲ್ಲ ಯು ಕ್ಲಾಂಪಿನದು. ಕ್ಲಾಂಪು ಒಮ್ಮೆ ಬಿಗಿದಾಗ ಹಿಗ್ಗುವುದರಿಂದ ಬಿಚ್ಚಿದ ಮೇಲೆ ಹೊಸದೇ ಹಾಕಬೇಕು. ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿಸಬೇಕು. ಬಹಳಷ್ಟು ಕಡೆ ಇವೆರಡೂ ಆಗುವುದಿಲ್ಲ. ಕ್ಲಾಂಪು ಸಡಿಲವಾದ ದಿನ ಇಡೀ ಭಾರ ಆ ಸಣ್ಣ ಬೋಲ್ಟಿನ ಮೇಲೆ ಬೀಳುತ್ತದೆ. ಅದು ಕತ್ತರಿಸಿದರೆ ಹೌಸಿಂಗು ಒಂದು ಕಡೆ ಹಿಂದೆ ಸರಿಯುತ್ತದೆ, ಚಾಲಕ ಸ್ಟಿಯರಿಂಗ್ ಎತ್ತ ತಿರುಗಿಸಿದರೂ ಗಾಡಿ ತನಗೆ ಬೇಕಾದತ್ತ ಹೋಗುತ್ತದೆ.

ಕಬ್ಬಿಣದ ತುಂಡಿಟ್ಟು ಎತ್ತರಿಸುವುದು ಪ್ಲೇಟು ಸೇರಿಸುವುದಕ್ಕಿಂತ ಅಗ್ಗ, ಅದಕ್ಕಿಂತ ಕೆಟ್ಟದ್ದು. ಬ್ರೇಕ್ ಹಾಕಿದಾಗ ಹೌಸಿಂಗು ತಿರುಚಿಕೊಳ್ಳಲು ನೋಡುತ್ತದೆ. ಪ್ಲೇಟಿಗೂ ಅದಕ್ಕೂ ನಡುವೆ ಎತ್ತರದ ತುಂಡಿದ್ದರೆ ಆ ತಿರುಚು ಇನ್ನಷ್ಟು ಬಲವಾಗಿ ಪ್ಲೇಟನ್ನು ಮುರಿಯುತ್ತದೆ. ಒಂದರ ಮೇಲೊಂದು ತುಂಡು ಪೇರಿಸಿದವರಿದ್ದಾರೆ, ಮರದ ದಿಮ್ಮಿ ತುರುಕಿದವರೂ ಇದ್ದಾರೆ. ಮುಂದಿನ ಆ್ಯಕ್ಸಲ್‌ಗೆ ತುಂಡಿಡುವುದನ್ನು ಲಿಫ್ಟ್ ಕಿಟ್ ಮಾರುವ ಪರದೇಶದ ಅಂಗಡಿಗಳೂ ಒಪ್ಪುವುದಿಲ್ಲ.

ಮೋಸ ಹೋಗುವ ವಾಲ್ವು

ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಅಪಾಯ ಪ್ಲೇಟಿನದಲ್ಲ. ಅದು ಹಿಂದಿನ ಹೌಸಿಂಗಿನ ಹತ್ತಿರ, ಕೆಸರು ಮೆತ್ತಿಕೊಂಡು, ಯಾರ ಕಣ್ಣಿಗೂ ಬೀಳದೆ ಇರುವ ಒಂದು ಪುಟ್ಟ ವಾಲ್ವಿನದು.

ಅನೇಕ ಪಿಕಪ್ಪುಗಳಲ್ಲಿ ಈ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ವಾಲ್ವ್ ಚಾಸಿಗೆ ಕೂತಿರುತ್ತದೆ, ಅದರಿಂದ ಹೊರಟ ಒಂದು ಕಡ್ಡಿ ಅಥವಾ ಸ್ಪ್ರಿಂಗು ಹೌಸಿಂಗಿಗೆ ಕಟ್ಟಿರುತ್ತದೆ. ಗಾಡಿ ಖಾಲಿ ಇದ್ದಾಗ ಚಾಸಿಗೂ ಹೌಸಿಂಗಿಗೂ ನಡುವೆ ಅಂತರ ಹೆಚ್ಚು. ಆಗ ವಾಲ್ವು ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ತಡೆಹಿಡಿಯುತ್ತದೆ. ಇಲ್ಲದಿದ್ದರೆ ಹಗುರಾದ ಹಿಂದಿನ ಚಕ್ರಗಳು ಲಾಕ್ ಆಗಿ ಗಾಡಿ ಗಿರಕಿ ಹೊಡೆಯುತ್ತದೆ. ಲೋಡ್ ಬಿದ್ದು ಗಾಡಿ ಕೂತಾಗ ಅಂತರ ಕಡಿಮೆಯಾಗಿ, ಕಡ್ಡಿ ಸರಿದು, ವಾಲ್ವು ತೆರೆದು, ಹಿಂದಿನ ಬ್ರೇಕಿಗೆ ಪೂರ್ತಿ ಬಲ ಸಿಗುತ್ತದೆ.

ಅಂದರೆ ತನ್ನ ಮೇಲೆ ಎಷ್ಟು ಭಾರವಿದೆ ಎಂದು ಗಾಡಿಗೆ ತಿಳಿಯುವುದೇ ಅದು ಕೂತಾಗ.

ಈಗ ಪ್ಲೇಟು ಸೇರಿಸಿ, ತುಂಡಿಟ್ಟು, ಕೂರಬಾರದು ಎಂದು ಹಟ ಹಿಡಿದರೆ? ಎರಡೂವರೆ ಟನ್ ಏರಿಸಿದರೂ ವಾಲ್ವಿಗೆ ಗಾಡಿ ಖಾಲಿಯೆಂದೇ ಕಾಣುತ್ತದೆ. ಹಿಂದಿನ ಬ್ರೇಕನ್ನು ಅದು ಹಿಡಿದಿಡುತ್ತದೆ. ಇಡೀ ಗಾಡಿ ನಿಲ್ಲಿಸುವ ಹೊಣೆ ಮುಂದಿನ ಎರಡು ಚಕ್ರಗಳ ಮೇಲೆ. ಸಮತಟ್ಟು ರಸ್ತೆಯಲ್ಲಿ ‘ಬ್ರೇಕ್ ಸ್ವಲ್ಪ ಉದ್ದ ಹೋಗ್ತದೆ’ ಎಂದುಕೊಂಡು ಓಡಿಸಬಹುದು. ಚೆನ್ನೈ ದಾರಿಯಲ್ಲಿ ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿಯುವಾಗ, ಇಲ್ಲವೇ ಶಿರಾಡಿ, ಚಾರ್ಮಾಡಿಯ ಇಳಿಜಾರಿನಲ್ಲಿ, ಮುಂದಿನ ಬ್ರೇಕು ಕಾದು ಕಾದು ಹಿಡಿತ ಬಿಡುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಮರುದಿನದ ಪತ್ರಿಕೆಯಲ್ಲಿ ಬರುವುದು ಎರಡೇ ಪದ: ‘ಬ್ರೇಕ್ ಫೇಲ್’.

ಇದನ್ನು ಬಲ್ಲ ಕೆಲವರು ಇನ್ನೊಂದು ಉಪಾಯ ಮಾಡುತ್ತಾರೆ. ಕಡ್ಡಿಯನ್ನು ಪೂರ್ತಿ ತೆರೆದ ಸ್ಥಿತಿಗೆ ಎಳೆದು ತಂತಿ ಸುತ್ತಿಬಿಡುತ್ತಾರೆ. ಲೋಡ್ ಇದ್ದಾಗ ಬ್ರೇಕ್ ಸರಿ ಹೋಯಿತು. ಮಾಲು ಇಳಿಸಿ ಖಾಲಿ ಗಾಡಿ ಊರಿಗೆ ಮರಳುವಾಗ ಮೊದಲ ಮಳೆ ಹನಿ ಬಿದ್ದ ರಸ್ತೆಯಲ್ಲಿ ಒಮ್ಮೆ ಬ್ರೇಕ್ ಒತ್ತಿದರೆ ಹಿಂಭಾಗ ಮುಂದಕ್ಕೆ ಬಂದುಬಿಡುತ್ತದೆ.

ಎತ್ತರಿಸಿದ ಗಾಡಿಯಲ್ಲಿ ಬ್ರೇಕಿನ ರಬ್ಬರ್ ಹೋಸ್ ಕೂಡ ಎಳೆದು ನಿಂತಿರುತ್ತದೆ. ಹಿಂದಿನ ಚಕ್ರ ಗುಂಡಿಗೆ ಇಳಿದಾಗ ಅದಕ್ಕೆ ಹಿಗ್ಗಲು ಜಾಗವಿರುವುದಿಲ್ಲ. ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ಕ್ರಾಸುಗಳು ಬೇಗ ಸವೆಯುತ್ತವೆ. ಹಿಂದೆ ಮಾತ್ರ ಎತ್ತರಿಸಿದರೆ ಮೂತಿ ತಗ್ಗಿ, ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರವಾಗಲು ಸೋಮಾರಿತನ ಮಾಡುತ್ತದೆ. ಗಾಡಿ ಎಡಕ್ಕೆ ವಾಲುತ್ತದೆಂದು ಒಂದೇ ಬದಿಗೆ ಪ್ಲೇಟು ಹಾಕಿಸುವವರ ಬಗ್ಗೆ ಏನು ಹೇಳುವುದು!

ಬಾಕ್ಸ್: ಕಾನೂನಿನ ಪ್ಲೇಟು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು.

2019ರ ತಿದ್ದುಪಡಿಯ 182ಎ(4) ಕಲಂ: ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಓವರ್‌ಲೋಡಿಗೆ 194ನೇ ಕಲಂ: 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ. ಹೆಚ್ಚಿನ ಮಾಲು ಇಳಿಸದೆ ಗಾಡಿ ಕದಲುವಂತಿಲ್ಲ. ದಂಡ ಓಡಿಸಿದವನಿಗಷ್ಟೇ ಅಲ್ಲ, ಓಡಿಸಲು ಬಿಟ್ಟವನಿಗೂ.

ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್).

ಮಗುಚುವ ಲೆಕ್ಕ

ತುಂಬಿದ ಕೊಡವನ್ನು ಸೊಂಟದಿಂದ ತಲೆಗೆ ಏರಿಸಿದವರಿಗೆ ತಿರುವಿನಲ್ಲಿ ಏನಾಗುತ್ತದೆಂದು ಗೊತ್ತು. ಭಾರ ಅಷ್ಟೇ, ಎತ್ತರ ಮಾತ್ರ ಹೆಚ್ಚು.

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ (ಎನ್‌ಎಚ್‌ಟಿಎಸ್‌ಎ) 2001ರ ಮಾದರಿ ಗಾಡಿಗಳಿಂದ ಶುರುಮಾಡಿ ಮಗುಚುವ ಅಪಾಯಕ್ಕೆ ಅಂಕ ಕೊಡುತ್ತ ಬಂದಿದೆ. ಅದರ ಲೆಕ್ಕ ಹೈಸ್ಕೂಲಿನ ಮಕ್ಕಳೂ ಮಾಡಬಹುದಾದದ್ದು: ಎಡಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ಸಾಮಾನ್ಯ ಕಾರುಗಳಿಗೆ ಬರುವ ಉತ್ತರ 1.3ರಿಂದ 1.5. ಪಿಕಪ್, ಎಸ್‌ಯುವಿ, ವ್ಯಾನುಗಳಿಗೆ 1.0ರಿಂದ 1.3. ಅಂಕ ಇಳಿದಷ್ಟೂ ಗಾಡಿ ಮಗುಚುವುದು ಸುಲಭ.

ಪಿಕಪ್ಪಿನ ಚಕ್ರಗಳ ಅಗಲ 1.4 ಮೀಟರ್, ಗುರುತ್ವ ಕೇಂದ್ರ 70 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಅಂಕ ಸರಿಯಾಗಿ 1. ಗುರುತ್ವ ಕೇಂದ್ರವನ್ನು 10 ಸೆಂ.ಮೀ. ಮೇಲಕ್ಕೆ ತಂದರೆ ಅದು 0.88ಕ್ಕೆ ಇಳಿಯುತ್ತದೆ. ಮಗುಚಲು ಬೇಕಾದ ಬಲದಲ್ಲಿ ಎಂಟನೇ ಒಂದು ಪಾಲು ಮಾಯ. ಇದರ ಮೇಲೆ ಕ್ರೇಟುಗಳನ್ನು ಕ್ಯಾಬಿನ್ನಿಗಿಂತ ಎತ್ತರ ಪೇರಿಸಿದ್ದನ್ನು ನಾವಿನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಕ್ರೇಟುಗಳಾದರೂ ಕಟ್ಟಿದ ಕಡೆ ಇರುತ್ತವೆ. ಜನ ಹಾಗಲ್ಲ. ಕಳೆ ಕೀಳಲು, ಕಾಫಿ ಕೊಯ್ಲಿಗೆ, ಮದುವೆಗೆ, ಜಾತ್ರೆಗೆ ಇದೇ ಪಿಕಪ್ಪುಗಳಲ್ಲಿ ನಿಂತು ಹೋಗುವವರು ತಿರುವಿನಲ್ಲಿ ಒಟ್ಟಾಗಿ ಒಂದು ಕಡೆಗೆ ವಾಲುತ್ತಾರೆ. 2024ರ ಮೇ 20ರಂದು ಛತ್ತೀಸ್‌ಗಢದ ಕವರ್ಧಾ ಬಳಿ ತೆಂದು (ಬೀಡಿ) ಎಲೆ ಆಯ್ದು ಮರಳುತ್ತಿದ್ದವರ ಪಿಕಪ್ಪು ಕಂದಕಕ್ಕೆ ಬಿದ್ದು 19 ಮಂದಿ ಸತ್ತರು. ಅಲ್ಲಿ ಪ್ಲೇಟಿನ ತಪ್ಪಿತ್ತೆಂದು ನಾನು ಹೇಳುತ್ತಿಲ್ಲ. ಮಾಲಿನ ಗಾಡಿಯಲ್ಲಿ ಮನುಷ್ಯರನ್ನು ತುಂಬಿದಾಗ ಅಪಘಾತವೊಂದು ಎಷ್ಟು ಜೀವ ತೆಗೆದುಕೊಳ್ಳುತ್ತದೆ ಎನ್ನುವುದಕ್ಕೆ ಆ ಸಂಖ್ಯೆ ಸಾಕು. ಅಂಥ ಗಾಡಿಯನ್ನೇ ಎತ್ತರಿಸಿ ಓಡಿಸುವುದಕ್ಕೆ ಏನೆನ್ನಬೇಕು?

ಶೋಕಿಯ ಎತ್ತರ

ಇನ್ನೊಂದು ಗುಂಪಿದೆ. ಇವರಿಗೆ ಮಾಲು ಇಲ್ಲ, ಬಾಡಿಗೆ ಇಲ್ಲ. ಇಸುಜು ವಿ-ಕ್ರಾಸ್ 2016ರಲ್ಲಿ, ಟೊಯೊಟಾ ಹೈಲಕ್ಸ್ 2022ರಲ್ಲಿ ನಮ್ಮ ದೇಶಕ್ಕೆ ಬಂದ ಮೇಲೆ ಪಿಕಪ್ಪು ಶೋಕಿಯ ವಸ್ತುವೂ ಆಯಿತು. ಮಲೆನಾಡಿನ ಮಳೆಗಾಲದ ಮಣ್ಣು ದಾರಿಗಳಿಗೆ ಇವರು ಬೆಂಗಳೂರಿನಿಂದ ಸಾಲುಗಟ್ಟಿ ಬರುತ್ತಾರೆ.

ಇವರಲ್ಲಿ ಬಲ್ಲವರು ಪರೀಕ್ಷೆಗೊಳಪಟ್ಟ ಕಿಟ್ ಹಾಕಿಸಿ, ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸ್ ಎಲ್ಲವನ್ನೂ ಬದಲಿಸಿ, ಅಲೈನ್‌ಮೆಂಟ್ ಮಾಡಿಸುತ್ತಾರೆ. ಕಾನೂನಿನ ಪ್ರಶ್ನೆ ಆಗಲೂ ಉಳಿಯುತ್ತದೆ, ಆದರೆ ಕೆಲಸವಾದರೂ ಕೆಲಸದಂತಿರುತ್ತದೆ. ಬಡಾಯಿಯವರು ಮುಂದಿನ ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿ, ದೊಡ್ಡ ಟಯರ್ ಹಾಕಿಸಿ ಹೊರಡುತ್ತಾರೆ. ಬಫರ್ ಇದ್ದಲ್ಲಿ ಸುತ್ತು ಬಗ್ಗುವುದಿಲ್ಲ, ಉಳಿದ ಸುತ್ತುಗಳು ತಮ್ಮ ಪಾಲಿಗಿಂತ ಹೆಚ್ಚು ಬಗ್ಗಿ ಒಂದು ದಿನ ಮುರಿಯುತ್ತವೆ. ಟಯರಿನ ವ್ಯಾಸ ನೂರಕ್ಕೆ ಹತ್ತು ಹೆಚ್ಚಾದರೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ.

ಎತ್ತರದ ಬೆಲೆ ತೆರುವವರು ಹೊರಗಿನವರೂ ಹೌದು. ಮೂತಿ ಎತ್ತಿದ ಗಾಡಿಯ ಹೆಡ್‌ಲೈಟು ಎದುರಿನ ಬೈಕ್ ಸವಾರನ ಕಣ್ಣಿಗೆ ನೇರ ಬೀಳುತ್ತದೆ. ಬಾನೆಟ್ಟಿನ ಮುಂದೆ ನಿಂತ ಮಗು ಚಾಲಕನಿಗೆ ಕಾಣುವುದೇ ಇಲ್ಲ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ (ಐಐಎಚ್‌ಎಸ್) 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಾನೆಟ್ 40 ಇಂಚಿಗಿಂತ ಎತ್ತರವಿರುವ ಗಾಡಿಗಳು ಡಿಕ್ಕಿ ಹೊಡೆದಾಗ ಪಾದಚಾರಿ ಸಾಯುವ ಸಾಧ್ಯತೆ, ತಗ್ಗಿದ ಇಳಿಜಾರು ಮೂತಿಯ ಗಾಡಿಗಳಿಗಿಂತ ಸುಮಾರು ಶೇ 45ರಷ್ಟು ಹೆಚ್ಚು.

ಬಾಕ್ಸ್: ಮೂತಿ ಮೇಲೆ, ಬಾಲ ಕೆಳಗೆ

ಅಮೆರಿಕದ ಹುಡುಗರಲ್ಲಿ ‘ಕ್ಯಾರೊಲೈನಾ ಸ್ಕ್ವಾಟ್’ ಎಂಬ ಹುಚ್ಚು ಹಬ್ಬಿತ್ತು. ಪಿಕಪ್ಪಿನ ಮುಂಭಾಗ ಎತ್ತರಿಸಿ, ಹಿಂಭಾಗ ತಗ್ಗಿಸಿ, ಕುಕ್ಕರಗಾಲಲ್ಲಿ ಕೂತಂತೆ ಓಡಿಸುವುದು. ಮರುಭೂಮಿ ರೇಸಿನ ಗಾಡಿಗಳ ಅನುಕರಣೆಯಂತೆ. ಚಾಲಕನಿಗೆ ಮುಂದಿನ ರಸ್ತೆಗಿಂತ ಆಕಾಶವೇ ಹೆಚ್ಚು ಕಾಣುತ್ತದೆ.

ಉತ್ತರ ಕ್ಯಾರೊಲೈನಾ 2021ರ ಡಿಸೆಂಬರ್ 1ರಿಂದ, ಹಿಂದಿನ ಫೆಂಡರಿಗಿಂತ ಮುಂದಿನದು 4 ಇಂಚು ಅಥವಾ ಹೆಚ್ಚು ಎತ್ತರವಿರುವಂತೆ ಬದಲಿಸುವುದನ್ನು ನಿಷೇಧಿಸಿತು. 2022ರಲ್ಲಿ ವರ್ಜೀನಿಯಾ, 2023ರಲ್ಲಿ ದಕ್ಷಿಣ ಕ್ಯಾರೊಲೈನಾ ಅದೇ ದಾರಿ ಹಿಡಿದವು. ಅಳತೆಗೆ ಬೇಕಾದದ್ದು ಒಂದು ಟೇಪು ಮಾತ್ರ.

ಟೇಪು ಯಾರ ಕೈಲಿ?

ಆ ಟೇಪಿನ ಉಪಾಯ ನನಗೆ ಹಿಡಿಸಿತು. ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ, ರಸ್ತೆ ಬದಿಯಲ್ಲಿ ಅದನ್ನು ಅಳೆಯುವ ಸುಲಭದ ದಾರಿಗೆ ಕೊರತೆ. ಪ್ರತಿ ಮಾದರಿಯ ಪಿಕಪ್ಪಿಗೂ ಖಾಲಿ ಇದ್ದಾಗ ಹಿಂದಿನ ಚಕ್ರದ ಮೇಲಂಚು ನೆಲದಿಂದ ಎಷ್ಟು ಎತ್ತರವಿರಬೇಕು ಎಂಬ ಒಂದು ಪಟ್ಟಿ ಮಾಡಿ ಆರ್‌ಟಿಒ ಇನ್‌ಸ್ಪೆಕ್ಟರ್‌ಗಳ ಕೈಗೆ ಕೊಡುವುದು ದೊಡ್ಡ ಕೆಲಸವಲ್ಲ. ಎಫ್‌ಸಿಯ ದಿನ ಪ್ಲೇಟು ಬಿಚ್ಚಿ ಮರುದಿನ ಹಾಕಿಸುವ ಆಟಕ್ಕೂ ಅದು ತಡೆ.

ಅದಕ್ಕಿಂತ ಮೊದಲು ಮಂಡಿಯ ಬಾಗಿಲಲ್ಲಿ ತೂಕವಾಗಬೇಕು. ಹಣ್ಣು ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುವ ಕಡೆ ಗಾಡಿಯ ತೂಕ ಯಾರಿಗೂ ಬೇಡವಾಗಿದೆ. ಏರಿಸಿದವನು ರೈತ, ಕಳಿಸಿದವನು ದಲ್ಲಾಳಿ, ದಂಡ ಕಟ್ಟುವವನು ಮಾತ್ರ ಸ್ಟಿಯರಿಂಗ್ ಹಿಡಿದವನು. ಕಾಯ್ದೆ ‘ಓಡಿಸಲು ಬಿಟ್ಟವನು’ ಎನ್ನುತ್ತದೆ. ಆ ಮಾತನ್ನು ನೆನಪಿಡುವವರು ಕಡಿಮೆ. ಅಪಘಾತವಾದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ಸೇರಿಸಿದ ಒಂದು ಪ್ಲೇಟೇ ಸಾಕು.

ಕೊನೆಗೆ ಗಾಡಿ ಇಟ್ಟವರಿಗೆ. ಆರ್.ಸಿ.ಯಲ್ಲಿ ಬರೆದಷ್ಟೇ ಭಾರ ಹಾಕಿದರೂ ಗಾಡಿ ಕೂರುತ್ತಿದ್ದರೆ ಪ್ಲೇಟುಗಳು ಸುಸ್ತಾಗಿವೆ ಎಂದರ್ಥ. ಅದೇ ಮಾದರಿಯ ಹೊಸ ಸೆಟ್ಟನ್ನು ಎರಡೂ ಬದಿಗೆ ಹಾಕಿಸಿ, ಹೊಸ ಯು ಕ್ಲಾಂಪ್ ಕೇಳಿ ತೆಗೆದುಕೊಳ್ಳಿ, ನಾಲ್ಕಾರು ದಿನ ಓಡಿಸಿ ಮತ್ತೆ ಬಿಗಿಸಿ. ಬರೆದದ್ದಕ್ಕಿಂತ ಹೆಚ್ಚು ಹಾಕಿದಾಗ ಕೂರುತ್ತಿದ್ದರೆ ಗಾಡಿಯಲ್ಲಿ ಯಾವ ದೋಷವೂ ಇಲ್ಲ. ಹಳೆ ಪಿಕಪ್ ಕೊಳ್ಳುವವರು ಪೇಂಟು ನೋಡುವ ಮೊದಲು ಹಿಂದಿನ ಚಕ್ರದ ಒಳಗೆ ಟಾರ್ಚ್ ಹಾಕಿ ಪ್ಲೇಟು ಎಣಿಸಿ, ಎರಡೂ ಬದಿ ಒಂದೇ ಲೆಕ್ಕವಿದೆಯೇ ನೋಡಿ. ಈಗಾಗಲೇ ಎತ್ತರಿಸಿದ ಗಾಡಿ ನಿಮ್ಮದಾಗಿದ್ದರೆ, ಮುಂದಿನ ಲೋಡ್ ಹತ್ತಿಸುವ ಮೊದಲು ಹೌಸಿಂಗಿನ ಬಳಿ ಕೆಸರು ಒರೆಸಿ ಆ ವಾಲ್ವಿನ ಕಡ್ಡಿ ಎಲ್ಲಿದೆ, ಅದಕ್ಕೆ ಯಾರಾದರೂ ತಂತಿ ಸುತ್ತಿದ್ದಾರೆಯೇ ಎಂದು ನೋಡಿಬಿಡಿ. ಸುತ್ತಿದ್ದರೆ ಗಾಡಿ ಅಲ್ಲೇ ನಿಲ್ಲಲಿ, ಮೆಕ್ಯಾನಿಕ್ ಅಲ್ಲಿಗೇ ಬರಲಿ.